ಬಾಟಲಿ ಹಾಕಿದರೆ ಪಾಯಿಂಟ್: ಕೊಡಗಿನ ಮಳೆ ತಾಳುವ ಯಂತ್ರ ಕಟ್ಟುವ ಬಗೆ

ಖಾಲಿ ನೀರಿನ ಬಾಟಲಿ ಹಾಕಿದವರ ಕಾರ್ಡಿಗೆ ಪಾಯಿಂಟ್ ಸೇರಿಸುವ ಯಂತ್ರವನ್ನು ನಾವೇ ಕಟ್ಟುವ ಬಗೆ ಇದು. ಮೊದಲು ಲೆಕ್ಕ, ಆಮೇಲೆ ಸಾಮಾನು. ಒಂದು ಲೀಟರ್‌ನ ಖಾಲಿ ನೀರಿನ ಬಾಟಲಿ ಸಾಧಾರಣವಾಗಿ 20ರಿಂದ 30 ಗ್ರಾಂ ತೂಗುತ್ತದೆ. ಅಂದರೆ ಒಂದು ಕಿಲೋಗೆ ಸುಮಾರು 40 ಬಾಟಲಿ ಬೇಕು. ಗುಜರಿಯವರು ಕಿಲೋಗೆ 20 ರೂಪಾಯಿ ಕೊಟ್ಟರು ಎಂದಿಟ್ಟುಕೊಳ್ಳಿ, ಬಾಟಲಿಗೆ ಸಿಗುವುದು 50 ಪೈಸೆ. ಬಾಟಲಿಗೊಂದು ರೂಪಾಯಿ ನಾಣ್ಯ ಉದುರಿಸುವ ಯಂತ್ರ ಮೊದಲ ದಿನದಿಂದಲೇ ನಷ್ಟದಲ್ಲಿ ಓಡುತ್ತದೆ. ಆದ್ದರಿಂದ ನಾಣ್ಯ ಬೇಡ, ಕಾರ್ಡಿಗೆ ಪಾಯಿಂಟ್ ಕೊಡಿ. 20 ಪಾಯಿಂಟ್ ಆದವರಿಗೆ ಪಕ್ಕದ ಅಂಗಡಿಯಲ್ಲಿ ಒಂದು ಕಾಫಿ. ಗುಜರಿ ಹಣ ಸಾಲದಿದ್ದಾಗ ಉಳಿದದ್ದನ್ನು ಪಂಚಾಯಿತಿ ಕೊಡುತ್ತದೋ ಹೋಂಸ್ಟೇಯವರೋ ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಮಾತಾಡಿ ಮುಗಿಸಿ.

ಬೇಕಾದ ಸಾಮಾನು: ಆರ್ಡುಯಿನೊ ಮೆಗಾ (ಯಂತ್ರವನ್ನು ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡ್), 1 ಕಿಲೋ ಲೋಡ್ ಸೆಲ್ (ತೂಕದ ಸೆನ್ಸರ್), ಅದರ ಸಿಗ್ನಲನ್ನು ಮೆಗಾಕ್ಕೆ ಅಂಕೆಯಾಗಿ ಕೊಡುವ ಎಚ್‌ಎಕ್ಸ್ 711 ಬೋರ್ಡ್, ಎಂಜಿ 996ಆರ್ ಸರ್ವೋ (ಹೇಳಿದಷ್ಟೇ ತಿರುಗುವ ಮೋಟಾರು), ಎಲ್‌ಜೆ 18ಎ3 ಲೋಹ ಸೆನ್ಸರ್, ಪಿಸಿ 817 ಆಪ್ಟೋಕಪ್ಲರ್ (ವೈರು ತಾಗಿಸದೆ ಬೆಳಕಿನಿಂದ ಸಿಗ್ನಲ್ ದಾಟಿಸುವ ಬಿಡಿಭಾಗ), ಆರ್‌ಸಿ 522 ಕಾರ್ಡ್ ರೀಡರ್, ಬಾರ್‌ಕೋಡ್ ಸ್ಕ್ಯಾನರ್ ಮಾಡ್ಯೂಲ್, ರೀಡ್ ಸ್ವಿಚ್ (ಮ್ಯಾಗ್ನೆಟ್ ಹತ್ತಿರ ಬಂದರೆ ಆನ್ ಆಗುವ ಸ್ವಿಚ್) ಮತ್ತು ಮ್ಯಾಗ್ನೆಟ್, 12 ವೋಲ್ಟ್ 5 ಆಂಪಿಯರ್ ಎಸ್‌ಎಂಪಿಎಸ್ (ಮನೆ ಕರೆಂಟನ್ನು 12 ವೋಲ್ಟ್ ಮಾಡುವ ಪವರ್ ಸಪ್ಲೈ), ಆ ವೋಲ್ಟನ್ನು ಇಳಿಸುವ ಎಲ್‌ಎಂ 2596 ಬೋರ್ಡ್ ಎರಡು. ಆರ್‌ಸಿ 522ಗೆ ಕೊಡಬೇಕಾದ್ದು 3.3 ವೋಲ್ಟ್. 5 ವೋಲ್ಟ್ ಕೊಟ್ಟರೆ ಅದು ಸುಟ್ಟುಹೋಗಬಹುದು.

ಯಂತ್ರದ ಜೀವ ಇರುವುದು ತೂಕದ ತಟ್ಟೆಯಲ್ಲಿ. 110 ಮಿ.ಮೀ. ಪಿವಿಸಿ ಪೈಪನ್ನು 35 ಸೆಂ.ಮೀ. ಕತ್ತರಿಸಿ, ಉದ್ದಕ್ಕೆ ಸೀಳಿ ಅರ್ಧವನ್ನು ತಟ್ಟೆ ಮಾಡಿ. ಎರಡು ತುದಿಯಲ್ಲಿ ತಿರುಗಲು ಅಚ್ಚು ಕೊಟ್ಟು, ಸರ್ವೋ ಅದನ್ನು ಬಲಕ್ಕೂ ಎಡಕ್ಕೂ ಮಗುಚುವಂತೆ ಜೋಡಿಸಿ: ಬಲಕ್ಕೆ ಚೀಲ, ಎಡಕ್ಕೆ ವಾಪಸ್ ಕಿಂಡಿ. ಸರ್ವೋವನ್ನು ಯಂತ್ರದ ಗೋಡೆಗೆ ಬಿಗಿಯಬೇಡಿ; ತಟ್ಟೆ, ಚೌಕಟ್ಟು, ಸರ್ವೋ ಮೂರೂ ಲೋಡ್ ಸೆಲ್ ಮೇಲೆಯೇ ಕೂರಬೇಕು. ಗೋಡೆಗೆ ಬಿಗಿದರೆ ಸರ್ವೋ ತೋಳು ತಟ್ಟೆಯ ಭಾರವನ್ನು ಹಿಡಿದುಕೊಂಡು ತೂಕ ತಪ್ಪುತ್ತದೆ. ಸುತ್ತಲೂ 5 ಮಿ.ಮೀ. ಸಂದು ಬಿಡಿ, ವೈರುಗಳಿಗೆ ಸಡಿಲವಾದ ಸುತ್ತು ಕೊಡಿ. ಯಾರಾದರೂ ಕೈಯಿಂದ ಅದುಮಿದರೆ ಸೆಲ್ ಬಾಗಿ ಹಾಳಾಗದಂತೆ ಅಡಿಯಲ್ಲಿ ಒಂದು ಬೋಲ್ಟ್ ತಡೆ ಇರಲಿ.

ಪ್ರೋಗ್ರಾಂ ಹೀಗೆ ನಡೆಯಬೇಕು: ಕಾರ್ಡ್ ತೋರಿಸಿದ ಕೂಡಲೇ ಖಾಲಿ ತಟ್ಟೆಯನ್ನು ಸೊನ್ನೆಗೆ ತರುವುದು, ಬಾರ್‌ಕೋಡ್ ಓದುವುದು, ಬಾಟಲಿ ಬಿದ್ದು 2 ಸೆಕೆಂಡ್ ಅಲುಗದೆ ನಿಂತ ಮೇಲೆ ತೂಕ ನೋಡುವುದು. 8ರಿಂದ 40 ಗ್ರಾಂ ಒಳಗಿದ್ದರೆ ಸರಿ. ಒಳಗೆ 30 ಎಂ.ಎಲ್. ನೀರು ಉಳಿದಿದ್ದರೆ 30 ಗ್ರಾಂ ಹೆಚ್ಚಾಗಿ ಒಂದು ಲೀಟರ್ ಬಾಟಲಿ ತಾನಾಗಿಯೇ ವಾಪಸಾಗುತ್ತದೆ. ಇದು ಒಳ್ಳೆಯದೇ, ಚೀಲ ಒಣಗಿರುತ್ತದೆ. ಪ್ರತಿ ಬಾಟಲಿಗೂ ಸೊನ್ನೆ ಮಾಡಲೇಬೇಕು. ಬೆಳಗ್ಗೆಯ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ಲೋಡ್ ಸೆಲ್ ಓದುವ ಅಂಕೆ ಸರಿಯುತ್ತಲೇ ಇರುತ್ತದೆ.

ತೂಕವೊಂದನ್ನೇ ನಂಬಿದರೆ ಸಾಲದು. ಅಲ್ಯೂಮಿನಿಯಂ ಕ್ಯಾನ್ ಕೂಡ 15 ಗ್ರಾಂ ಹತ್ತಿರ ಬರುತ್ತದೆ. ತಟ್ಟೆಯ ತಳದಲ್ಲಿ 18 ಮಿ.ಮೀ. ತೂತು ಕೊರೆದು ಲೋಹ ಸೆನ್ಸರಿನ ಮುಖ ಒಳಮೈಗೆ ಸಮವಾಗಿ ಬರುವಂತೆ ಕೂರಿಸಿ. ಕಬ್ಬಿಣಕ್ಕೆ 8 ಮಿ.ಮೀ. ದೂರ ಹಿಡಿಯುವ ಈ ಸೆನ್ಸರ್ ಅಲ್ಯೂಮಿನಿಯಂಗೆ ಅದರ ಅರ್ಧವೂ ಹಿಡಿಯುವುದಿಲ್ಲ, ಆದ್ದರಿಂದ ಪೈಪಿನ ಹೊರಗೆ ಅಂಟಿಸಿದರೆ ಕೆಲಸ ಕೆಡುತ್ತದೆ. ಅದರ 12 ವೋಲ್ಟ್ ಸಿಗ್ನಲ್ ಮೆಗಾಕ್ಕೆ ನೇರ ಹೋಗಬಾರದು, ಆಪ್ಟೋಕಪ್ಲರ್ ಮೂಲಕ ಕೊಡಿ. ಜ್ಯೂಸ್ ಪೊಟ್ಟಣವನ್ನು ತಡೆಯಲು ಬಾರ್‌ಕೋಡ್ ಇದೆ: ನಿಮ್ಮೂರಿನ ಅಂಗಡಿಗಳಲ್ಲಿ ಮಾರುವ ನೀರಿನ ಬಾಟಲಿಗಳ ಕೋಡ್‌ಗಳನ್ನಷ್ಟೇ ಪಟ್ಟಿ ಮಾಡಿ ಹಾಕಿ. ಐಆರ್ (ಕಣ್ಣಿಗೆ ಕಾಣದ ಬೆಳಕಿನ) ಸೆನ್ಸರ್ ಬಳಸುವ ಆಸೆ ಬೇಡ. ಪಾರದರ್ಶಕ ಬಾಟಲಿ ಅದಕ್ಕೆ ಒಮ್ಮೆ ಕಂಡರೆ ಇನ್ನೊಮ್ಮೆ ಕಾಣುವುದಿಲ್ಲ.

ಬಾಟಲಿಗೆ ದಾರ ಕಟ್ಟಿ ಮತ್ತೆ ಮೇಲಕ್ಕೆಳೆಯುವವರು ಎಲ್ಲೆಡೆ ಇರುತ್ತಾರೆ. ಚೀಲದ ದಾರಿಯಲ್ಲಿ ಕೆಳಮುಖವಾಗಿ ಮಾತ್ರ ತೆರೆಯುವ ಹಗುರವಾದ ಅಕ್ರಿಲಿಕ್ ರೆಕ್ಕೆ ಇಟ್ಟು, ಅದಕ್ಕೆ ಮ್ಯಾಗ್ನೆಟ್, ಚೌಕಟ್ಟಿಗೆ ರೀಡ್ ಸ್ವಿಚ್ ಹಾಕಿ. ರೆಕ್ಕೆ ತೆರೆದು ಮುಚ್ಚಿದ ಮೇಲೆಯೇ ಪಾಯಿಂಟ್ ಸೇರಬೇಕು.

ಸರ್ವೋ ಸಿಕ್ಕಿಕೊಂಡರೆ 2.5 ಆಂಪಿಯರ್‌ವರೆಗೆ ಎಳೆಯುತ್ತದೆ. ಮೆಗಾದ 5 ವೋಲ್ಟ್ ಪಿನ್ನಿನಿಂದ ಓಡಿಸಿದರೆ ಬೋರ್ಡ್ ರೀಸೆಟ್ ಆಗಿ ಪಾಯಿಂಟ್ ಮಾಯವಾಗುತ್ತದೆ. ಸರ್ವೋಗೆ ಒಂದು ಎಲ್‌ಎಂ 2596 ಅನ್ನು 6 ವೋಲ್ಟ್‌ಗೆ ಹೊಂದಿಸಿ ಮೀಸಲಿಡಿ, ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿ, ಗ್ರೌಂಡ್ (ನೆಗೆಟಿವ್) ವೈರುಗಳನ್ನೆಲ್ಲ ಒಂದಕ್ಕೊಂದು ಸೇರಿಸಿ.

ಇನ್ನು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲದ ಕಡೆ ನೀರಿಗಿಂತ ತೇವ ಹೆಚ್ಚು ಕಾಟ ಕೊಡುತ್ತದೆ. ಪ್ಲೈವುಡ್ ಉಬ್ಬಿ ತಟ್ಟೆಗೆ ತಾಗಿ ತೂಕ ಕೆಡಿಸುತ್ತದೆ, ಹೊರಮೈಗೆ ಸತು ಲೇಪಿಸಿದ ತಗಡೇ ಸರಿ. ಬೋರ್ಡ್‌ಗಳನ್ನು ಕೇಬಲ್ ಗ್ಲ್ಯಾಂಡ್ (ವೈರು ಹೋಗುವ ತೂತನ್ನು ಬಿಗಿಯಾಗಿ ಮುಚ್ಚುವ ಬಿರಡೆ) ಇರುವ ಮುಚ್ಚಿದ ಡಬ್ಬಿಯಲ್ಲಿಟ್ಟು, ಒಳಗೆ 27 ಓಮ್ 10 ವಾಟ್ ರೆಸಿಸ್ಟರನ್ನು 12 ವೋಲ್ಟ್‌ಗೆ ಸೇರಿಸಿ. ಸುಮಾರು 5 ವಾಟ್‌ನ ಆ ಬಿಸಿ ಬೋರ್ಡಿನ ಮೇಲೆ ಹನಿ ಕಟ್ಟದಂತೆ ಕಾಯುತ್ತದೆ. ಸಿಲಿಕಾ ಜೆಲ್ ಈ ಮಳೆಗಾಲದಲ್ಲಿ ಬೇಗ ಸೋಲುತ್ತದೆ. ರೆಸಿಸ್ಟರ್ ಮುಟ್ಟಲಾಗದಷ್ಟು ಕಾಯುವುದರಿಂದ ವೈರಿಗೆ ತಾಗದಂತೆ ಎತ್ತರಿಸಿ ಕೂರಿಸಿ. ಮಳೆ ಗಾಳಿಯೊಂದಿಗೆ ನೈಋತ್ಯದಿಂದ ಓರೆಯಾಗಿ ಹೊಡೆಯುವುದರಿಂದ ಸೂರಿನಡಿ ಇಟ್ಟರೂ ಯಂತ್ರದ ಬಾಯಿ ಪೂರ್ವಕ್ಕಿರಲಿ. ಸಿಡಿಲಿಗೆ ಎಂಸಿಬಿ (ಕರೆಂಟ್ ಹೆಚ್ಚಾದರೆ ಕಡಿಯುವ ಸ್ವಿಚ್) ಸಾಲದು: ಸರಿಯಾದ ಅರ್ಥಿಂಗ್, ಸರ್ಜ್ ಪ್ರೊಟೆಕ್ಟರ್ (ಒಮ್ಮೆಲೇ ಏರುವ ವೋಲ್ಟೇಜ್ ತಡೆಯುವ ಸಾಧನ) ಎರಡೂ ಬೇಕು, ಗುಡುಗು ಶುರುವಾಗುವ ಮೊದಲೇ ಪ್ಲಗ್ ಕೀಳಬೇಕು. ಹೀಗಾಗಿ ರಾಜಾಸೀಟ್, ದುಬಾರೆಯಂಥ ಕಡೆ ಇಡುವುದಾದರೆ ಅನುಮತಿ ಪಡೆದು, ದಿನವಿಡೀ ಜನ ಇರುವ ಅಂಗಡಿಯ ಜಗಲಿಯಲ್ಲೇ ಇಡಿ.

ಜಜ್ಜುವ ಮೋಟಾರು ಹಾಕಬೇಡಿ. ಮಕ್ಕಳ ಕೈ ಒಳಗೆ ಹೋಗುವ ಯಂತ್ರವಿದು. ಹಾಗಾಗಿ 200 ಲೀಟರ್ ಚೀಲಕ್ಕೆ ನೂರರ ಆಸುಪಾಸು ಬಾಟಲಿ ಹಿಡಿಯುತ್ತದೆ. ಪ್ರವಾಸಿಗರು ತುಂಬುವ ಶನಿವಾರ, ಭಾನುವಾರ ಚೀಲವನ್ನು ಮತ್ತೆ ಮತ್ತೆ ಬದಲಿಸಬೇಕು. ಖಾಲಿ ಮಾಡುವಾಗ ಮುಚ್ಚಳ ಬಿಚ್ಚಿ ಬೇರೆ ಚೀಲಕ್ಕೆ ಹಾಕಿ, ಅದು ಬೇರೆ ಜಾತಿಯ ಪ್ಲಾಸ್ಟಿಕ್. ಮುಚ್ಚಳ ತೆಗೆದ ಬಾಟಲಿಯನ್ನು ಕಾಲಲ್ಲಿ ತುಳಿದು ಚಪ್ಪಟೆ ಮಾಡಿದರೆ ಗುಜರಿಗೆ ಸಾಗಿಸುವ ಖರ್ಚು ಕಡಿಮೆಯಾಗುತ್ತದೆ. ಆಮೇಲೆ ತಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಸಿಹಿ ಪಾನೀಯದ ಅಂಟಿಗೆ ಇರುವೆ ಬರುತ್ತದೆ.