ಹೊಸ ಕಾರಿನಲ್ಲಿ ಮುಚ್ಚಿಟ್ಟ ಬಣ್ಣದ ರಿಪೇರಿಯನ್ನು ಪತ್ತೆಹಚ್ಚುವ ಬಗೆ

ಕಾರ್ಖಾನೆಯಿಂದ ಲಾರಿಯೇರಿ, ದಾಸ್ತಾನು ಅಂಗಳದಲ್ಲಿ ವಾರಗಟ್ಟಲೆ ನಿಂತು ಬರುವ ಹೊಸ ಕಾರಿಗೆ ದಾರಿಯಲ್ಲಿ ಪೆಟ್ಟು ತಗುಲುವುದೂ, ಅದನ್ನು ಹೇಳದೆ ಬಣ್ಣ ಬಳಿದು ಕೊಡುವುದೂ ಉಂಟು. ಆದ್ದರಿಂದ ನೋಂದಣಿಗೆ ಮೊದಲೇ, ಹಗಲು ಬೆಳಕಿನಲ್ಲಿ, ಒಣಗಿದ ಕಾರನ್ನೇ ನೋಡಬೇಕು. ನಮ್ಮ ಮಳೆಗಾಲದಲ್ಲಿ ನೀರಿನ ಪದರವೇ ಗೀರುಗಳನ್ನು ಮರೆಮಾಚುತ್ತದೆ.

ಮೊದಲು ಪ್ರತಿ ಬಾಗಿಲಿನ ಉದ್ದಕ್ಕೂ ಓರೆಯಾಗಿ ನೋಡಿ, ಪಕ್ಕದ ಭಾಗದೊಂದಿಗೆ ಬಣ್ಣದ ಛಾಯೆಯನ್ನೂ ಹೊಳಪನ್ನೂ ಹೋಲಿಸಿರಿ. ಶಿರಸಿಯಲ್ಲಿ ನಾನು ಕೊಂಡ ಕಾರಿನ ಹಿಂಬಾಗಿಲು ಮೇಲ್ನೋಟಕ್ಕೆ ನಿರ್ದೋಷವಾಗಿತ್ತು. ಬಾಗಿಲಂಚಿನ ರಬ್ಬರ್ ಪಟ್ಟಿಯನ್ನು (ಬೀಡಿಂಗ್) ಸರಿಸಿದಾಗ ಮಾತ್ರ ಉಗುರಿಗೆ ತಡೆಯುವ ಬಣ್ಣದ ಅಂಚೂ, ಕೀಲಿನ ಬೋಲ್ಟಿನ ತಲೆಯ ಮೇಲೆ ಸ್ಪ್ಯಾನರ್ ಕಚ್ಚಿದ ಗುರುತೂ ಕಂಡವು. ಬಾಗಿಲನ್ನು ಬಿಚ್ಚಿ ಮತ್ತೆ ಬಣ್ಣ ಬಳಿದಿರಬಹುದೆಂಬುದಕ್ಕೆ ಅವೇ ಸುಳಿವು; ಅಂಥ ಬೋಲ್ಟನ್ನು ನೋಡದೆ ಬಿಡಬೇಡಿ.

ಬಣ್ಣದ ದಪ್ಪ ಅಳೆಯುವ ಮಾಪಕ ದೊರೆತರೆ ಇನ್ನೂ ಒಳ್ಳೆಯದು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 160 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್) ಇರುತ್ತದೆ. ಒಂದೇ ಭಾಗದಲ್ಲಿ 250 ದಾಟಿದರೆ ಮರುಬಣ್ಣದ, ಇನ್ನೂ ಬಹಳ ಹೆಚ್ಚಿದರೆ ತಗ್ಗು ತುಂಬಲು ಮೆತ್ತಿದ ಪುಟ್ಟಿಯ ಸಂದೇಹ ಪಡಬೇಕು. ಪ್ಲಾಸ್ಟಿಕ್ ಬಂಪರಿನ ಮೇಲೆ ಸಾಮಾನ್ಯ ಮಾಪಕ ಕೆಲಸ ಮಾಡದು.

ಕಾರವಾರ, ಅಂಕೋಲಾದಂಥ ಊರುಗಳ ಉಪ್ಪುಗಾಳಿಯಲ್ಲಿ ಕಳಪೆ ರಿಪೇರಿಯ ಅಡಿಯ ತಗಡು ಬೇಗ ತುಕ್ಕು ಹಿಡಿಯುವುದರಿಂದ, ಇದನ್ನು ಬರಿಯ ಅಂದದ ಮಾತೆಂದು ತಳ್ಳಿಹಾಕಬಾರದು.

ದೋಷ ಕಂಡರೆ ಕಾರನ್ನು ಸ್ವೀಕರಿಸದೆ, ಚಾಸಿ ಸಂಖ್ಯೆ ಕಾಣುವ ಫೋಟೋಗಳೊಂದಿಗೆ ಲಿಖಿತ ದೂರು ಕೊಟ್ಟು ಬೇರೆ ಕಾರು ಕೇಳಿರಿ. ಪರಿಹಾರ ಸಿಗದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ 2 ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು.