ಡಿಪಿಎಫ್ ದೀಪ ಆರಿದ್ದು ಹೀಗೆ

ನಮ್ಮದು ಏಳು ಸೀಟಿನ ಡೀಸೆಲ್ ಎಸ್‌ಯುವಿ, ಬಿಎಸ್6 ಮಾಲಿನ್ಯ ನಿಯಮದ್ದು. ಊರಿಗೆ ಹೋಗುವಾಗ ಬಂಗಾರದಂಥ ಗಾಡಿ. ಬೆಂಗಳೂರಿನೊಳಗೆ ಮಾತ್ರ ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ತಡೆಯುವ ಫಿಲ್ಟರ್) ದೀಪ ಪದೇಪದೇ ಹತ್ತುತ್ತಿತ್ತು. ಪಿಕಪ್ ಕುಗ್ಗುತ್ತಿತ್ತು, ಆಫ್ ಮಾಡಿದ ಮೇಲೂ ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಸರ್ವೀಸಿನವರು ಫಿಲ್ಟರನ್ನೇ ಬದಲಿಸಿ ಅಂದರು. ನಾನು ಒಪ್ಪಲಿಲ್ಲ.

ಈ ಫಿಲ್ಟರ್ ಹೊಗೆಯ ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ತುಂಬುತ್ತಾ ಬಂದಾಗ ಎಂಜಿನ್ ತಾನೇ ಹೆಚ್ಚುವರಿ ಡೀಸೆಲ್ ಬಿಟ್ಟು, ಸುಮಾರು 600 ಡಿಗ್ರಿ ಶಾಖದಲ್ಲಿ ಮಸಿಯನ್ನು ಸುಡುತ್ತದೆ. ಶಾಲೆಗೆ, ತರಕಾರಿಗೆ ಅಂತ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಮಸಿ ಅಲ್ಲೇ ಕೂರುತ್ತದೆ.

ಭಾನುವಾರ ಬೆಳಗ್ಗೆ ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ತುಮಕೂರು ರಸ್ತೆ ಹಿಡಿದೆ. ನೆಲಮಂಗಲ ದಾಟಿದ ಮೇಲೆ ಒಂದು ಗೇರ್ ಕೆಳಗಿಟ್ಟು, 2000 ಆರ್‌ಪಿಎಂ ಮೇಲೆ, ಎಲ್ಲೂ ನಿಲ್ಲಿಸದೆ ಒಂದೇ ಸಮನೆ ಓಡಿಸಿದೆ. ದಾಬಸ್‌ಪೇಟೆ ದಾಟುವಷ್ಟರಲ್ಲಿ ದೀಪ ಆರಿತು, ಪಿಕಪ್ ಮರಳಿತು. ಈಗ ವಾರಕ್ಕೊಮ್ಮೆ ಹೀಗೆ ಹೆದ್ದಾರಿಗೆ ಒಯ್ಯುತ್ತೇನೆ. ದೀಪ ಮತ್ತೆ ಹತ್ತಿಲ್ಲ.

  

ಇನ್ನೊಂದು ಮಾತು: ಸುಡುವಿಕೆ ಹೀಗೆ ಪದೇಪದೇ ಅರ್ಧಕ್ಕೆ ನಿಂತರೆ ಸುಡದೆ ಉಳಿದ ಡೀಸೆಲ್ ಹೋಗಿ ಎಂಜಿನ್ ಆಯಿಲಿಗೆ ಸೇರುತ್ತದೆ. ಆಯಿಲ್ ಮಟ್ಟ ತೋರಿಸುವ ಕಡ್ಡಿ (ಡಿಪ್‌ಸ್ಟಿಕ್) ತೆಗೆದು ನೋಡಿ. ಮಟ್ಟ ಮೇಲಿನ ಗುರುತು ದಾಟಿದ್ದರೆ ತಡಮಾಡದೆ ಆಯಿಲ್ ಬದಲಿಸಿ. ಡಿಪಿಎಫ್ ಜೊತೆ ಎಂಜಿನ್ ದೀಪವೂ ಹತ್ತಿದ್ದರೆ ಹೆದ್ದಾರಿಗೆ ಹೋಗಬೇಡಿ, ಗಾಡಿಯ ದೋಷ ಓದುವ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋಗಿ.