ಹಿಂದಿನ ಬಾಗಿಲು ಜಪ್ಪಯ್ಯ ಅಂದರೂ ತೆರೆಯದಿದ್ದರೆ

ಕಾರಿನ ಹಿಂದಿನ ಬಾಗಿಲು ಹಟ ಹಿಡಿದರೆ ಟೂಲ್ ಕಿಟ್ ತೆಗೆಯುವ ಮೊದಲು ಹೊರಗಿನ ಹ್ಯಾಂಡಲ್ ಒಮ್ಮೆ, ಒಳಗಿನದು ಒಮ್ಮೆ ಎಳೆದು ನೋಡಿ. ದೋಷ ಎಲ್ಲಿದೆ ಎಂಬುದು ಅಲ್ಲೇ ಮುಕ್ಕಾಲು ಪಾಲು ಗೊತ್ತಾಗುತ್ತದೆ.

ಹೊರಗಿನಿಂದ ತೆರೆದು ಒಳಗಿನಿಂದ ತೆರೆಯದಿದ್ದರೆ ಮೊದಲ ಅನುಮಾನ ಚೈಲ್ಡ್ ಲಾಕ್ ಮೇಲೆ. ಮಕ್ಕಳು ಒಳಗಿನಿಂದ ಬಾಗಿಲು ತೆರೆಯದಂತೆ ತಡೆಯಲು ಬಾಗಿಲಿನ ಅಂಚಿನಲ್ಲಿ, ಲ್ಯಾಚ್ (ಬಾಗಿಲನ್ನು ಹಿಡಿದಿಡುವ ಕೊಕ್ಕೆಯಿರುವ ಭಾಗ) ಹತ್ತಿರ ಇರುವ ಪುಟ್ಟ ಗುಂಡಿ ಅದು. ಕಾರು ಒರೆಸುವಾಗ ಬಟ್ಟೆ ತಗುಲಿಯೂ ಸರಿದಿರಬಹುದು. ಅದು ಸರಿಯಿದ್ದರೆ ಒಳ ಹ್ಯಾಂಡಲಿನ ಕೇಬಲ್ ಕಳಚಿದೆ ಎಂದುಕೊಳ್ಳಿ. ಒಳಗಿನಿಂದ ತೆರೆದು ಹೊರಗಿನ ಹ್ಯಾಂಡಲ್ ಮಾತ್ರ ಸಡಿಲವಾಗಿ ಆಡುತ್ತಿದ್ದರೆ, ಅದರಿಂದ ಲ್ಯಾಚ್‌ಗೆ ಹೋಗುವ ಕಡ್ಡಿಯ ಪ್ಲಾಸ್ಟಿಕ್ ಕ್ಲಿಪ್ ಮುರಿದಿರುವ ಸಾಧ್ಯತೆಯೇ ಹೆಚ್ಚು.

ಎರಡೂ ಕಡೆಯಿಂದ ತೆರೆಯುತ್ತಿಲ್ಲವೇ? ರಿಮೋಟ್ ಒತ್ತಿ ಬಾಗಿಲಿಗೆ ಕಿವಿಗೊಡಿ. ನಾಲ್ಕೂ ಬಾಗಿಲು ಮೌನವಾಗಿದ್ದರೆ ಫ್ಯೂಸ್ ಅಥವಾ ರಿಮೋಟ್ ಸೆಲ್ ನೋಡಿ. ಇದೊಂದೇ ಬಾಗಿಲಲ್ಲಿ ‘ಟಕ್’ ಶಬ್ದ ಬರದಿದ್ದರೆ ಲಾಕ್ ಮೋಟಾರ್ ಸುಟ್ಟಿರಬೇಕು, ಇಲ್ಲವೇ ಬಾಗಿಲು ಜೋಡಿಸಿರುವ ಕಾರಿನ ಕಂಬಕ್ಕೂ ಬಾಗಿಲಿಗೂ ನಡುವಿನ ರಬ್ಬರ್ ಕೊಳವೆಯೊಳಗೆ ವೈರ್ ತುಂಡಾಗಿರಬೇಕು. ಬಾಗಿಲು ತೆರೆದಾಗಲೆಲ್ಲ ವೈರ್ ಬಾಗುವುದು ಅಲ್ಲೇ. ಒಳಗಿನ ಲಾಕ್ ಗುಂಡಿಯನ್ನು ಕೈಯಿಂದ ಎತ್ತಿದರೆ ಆಗ ಬಾಗಿಲು ತೆರೆದೀತು.

ಶಬ್ದ ಬಂದೂ ತೆರೆಯದಿದ್ದರೆ ಲ್ಯಾಚ್ ಧೂಳು, ತುಕ್ಕಿನಿಂದ ಬಿಗಿದಿರುವ ಸಾಧ್ಯತೆಯೇ ಹೆಚ್ಚು. ಕರಾವಳಿಯ ಉಪ್ಪುಗಾಳಿಯಲ್ಲಿ ನಿಲ್ಲುವ ಕಾರುಗಳಿಗೆ ಇದು ಮಾಮೂಲಿ. ಒಬ್ಬರು ರಿಮೋಟ್‌ನಿಂದ ಹತ್ತು–ಹದಿನೈದು ಸಲ ಲಾಕ್–ಅನ್‌ಲಾಕ್ ಮಾಡಲಿ. ಇನ್ನೊಬ್ಬರು ಲ್ಯಾಚ್ ಇರುವ ಕಡೆ ಬಾಗಿಲನ್ನು ಸೊಂಟದಿಂದ ಒಳಕ್ಕೆ ಒತ್ತಿ ಹಿಡಿದು, ಪ್ರತಿ ಅನ್‌ಲಾಕ್ ಆದ ಕೂಡಲೇ ಹ್ಯಾಂಡಲ್ ಎಳೆಯಲಿ. ಹೀಗೆ ಒತ್ತಿದಾಗ ಕೊಕ್ಕೆಯ ಮೇಲೆ ರಬ್ಬರ್ ಬೀಡಿಂಗ್ ಹಾಕುವ ಭಾರ ಇಳಿಯುತ್ತದೆ. ಜಗ್ಗದಿದ್ದರೆ ಸಂದಿಯಲ್ಲಿ ಸ್ಪ್ರೇ ನಳಿಕೆ ತೂರಿಸಿ ಡಬ್ಲ್ಯೂಡಿ-40 (ಬಿಗಿದ ಭಾಗ ಸಡಿಲಿಸುವ ಎಣ್ಣೆ ಸ್ಪ್ರೇ) ಹೊಡೆದು, 10 ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ.

ಒಂದು ಪೇಚಿನ ಸಂದರ್ಭವಿದೆ: ಹೊರಗಿನ ಕಡ್ಡಿ ಕಳಚಿದೆ, ಚೈಲ್ಡ್ ಲಾಕ್ ಕೂಡ ಬಿದ್ದಿದೆ. ಲ್ಯಾಚ್ ಗಟ್ಟಿಮುಟ್ಟಾಗಿದ್ದರೂ ಬಾಗಿಲು ತೆರೆಯದು; ಗುಂಡಿ ಬಾಗಿಲಿನ ಅಂಚಿನಲ್ಲಿರುವುದರಿಂದ ಅದನ್ನು ಸರಿಸಲೂ ಆಗದು. ಆಗ ಡೋರ್ ಪ್ಯಾಡ್ (ಬಾಗಿಲಿನ ಒಳ ಹೊದಿಕೆ) ಬಿಚ್ಚದೆ ಗತಿಯಿಲ್ಲ. ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಿರಿ, ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ ಸರಿಸಿ, ಅಗತ್ಯಬಿದ್ದರೆ ಹಿಂದಿನ ಸೀಟಿನ ಕೆಳಭಾಗವನ್ನೂ ಕಳಚಿ. ಒಳ ಹ್ಯಾಂಡಲಿನ ಬಟ್ಟಲು ಮತ್ತು ಬಾಗಿಲು ಎಳೆದುಕೊಳ್ಳುವ ಹಿಡಿಕೆಯ ಹಿಂದೆ ಅಡಗಿರುವ ಸ್ಕ್ರೂ ತೆಗೆದ ಮೇಲೆ ಪ್ಯಾಡನ್ನು ಕೆಳ ಅಂಚಿನಿಂದ ಪ್ಲಾಸ್ಟಿಕ್ ಪಟ್ಟಿಯಿಂದ ಮೀಟಿ, ಮೇಲಕ್ಕೆ ಎತ್ತಿ. ಕ್ಲಿಪ್ ನಾಲ್ಕೈದಾದರೂ ಮುರಿಯುತ್ತವೆ, ಮೊದಲೇ ತಂದಿಟ್ಟುಕೊಳ್ಳುವುದು ಜಾಣತನ. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದಂತೆ ಬಿಡಿಸಿ; ಮರಳಿ ಸರಿಯಾಗಿ ಅಂಟಿಸದಿದ್ದರೆ ಮಳೆನೀರು ಕಾರಿನೊಳಗೆ ಬರುತ್ತದೆ. ಟಾರ್ಚ್ ಬೆಳಕು ಬಿಟ್ಟು, ಹೊರ ಹ್ಯಾಂಡಲ್ ಕಡ್ಡಿ ಸೇರಬೇಕಾದ ಲ್ಯಾಚಿನ ಲಿವರನ್ನು ಉದ್ದ ಸ್ಕ್ರೂಡ್ರೈವರ್‌ನಿಂದ ತಳ್ಳಿದರೆ ಬಾಗಿಲು ಬಿಚ್ಚಿಕೊಳ್ಳುತ್ತದೆ.

ತೆರೆದ ಲ್ಯಾಚನ್ನು ತೊಳೆದು ಬಿಳಿ ಲಿಥಿಯಂ ಗ್ರೀಸ್ ಹಚ್ಚಿ. ಎಂಜಿನ್ ಆಯಿಲ್ ಬೇಡ, ಧೂಳು ಹಿಡಿದು ಅಂಟಾಗುತ್ತದೆ. ಖುಷಿಯಲ್ಲಿ ಬಾಗಿಲನ್ನು ಧಡಾರನೆ ಮುಚ್ಚಿಬಿಡಬೇಡಿ! ತೆರೆದಿರುವಾಗಲೇ ಸ್ಕ್ರೂಡ್ರೈವರ್‌ನಿಂದ ಕೊಕ್ಕೆಯನ್ನು ಒಳಕ್ಕೆ ಒತ್ತಿ, ಬಾಗಿಲು ಮುಚ್ಚಿದಾಗ ಇರುವಂತೆ ಕೂರಿಸಿ, ಎರಡೂ ಹ್ಯಾಂಡಲ್‌ನಿಂದ ಅದು ಬಿಡುತ್ತದೆಯೇ ಎಂದು ನೋಡಿಕೊಂಡು ಆಮೇಲೆ ಮುಚ್ಚಿ.